ಬೀಳುವ ಜಾಗ ನೋಡುತ್ತಿದ್ದ ದೊಡ್ಡ ಮಿಸ್

ದೊಡ್ಡ ಮಿಸ್ ಮಕ್ಕಳನ್ನು ನೋಡುತ್ತಿರಲಿಲ್ಲ. ಮಕ್ಕಳು ಬೀಳಬಹುದಾದ ಜಾಗವನ್ನು ನೋಡುತ್ತಿದ್ದರು. ಯಾವುದಾದರೂ ಮಗು ಕಿಟಕಿಯ ಸರಳು ಹಿಡಿದು ಮೇಲೆ ಹತ್ತಿದರೆ ನಾವೆಲ್ಲ ಮಗುವಿನ ಕಡೆ ತಿರುಗಿ ಕೂಗುತ್ತಿದ್ದೆವು. ಅವರು ಮಾತ್ರ ಕೆಳಗಿನ ಸಿಮೆಂಟು ನೆಲದ ಯಾವುದೋ ಒಂದು ಕಡೆ ಕಣ್ಣಿಟ್ಟು, ಏರಿಳಿತವಿಲ್ಲದ ದನಿಯಲ್ಲಿ, "ಗೆಟ್ ಡೌನ್ ಫ್ರಮ್ ದೇರ್. ಯೂ ವಿಲ್ ಫಾಲ್," ಎನ್ನುತ್ತಿದ್ದರು. ಅಲ್ಲಿ ಆಗಲೇ ಯಾರೋ ಬಿದ್ದಿದ್ದಾರೆ, ಇವರೊಬ್ಬರಿಗೆ ಮಾತ್ರ ಕಾಣಿಸುತ್ತಿದೆ ಅನ್ನಿಸುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದಾಗ, ಮಕ್ಕಳೆಲ್ಲ ಒಳಗೆ ಹೋದ ಮೇಲೆ, ನಾನು ಒಂದೆರಡು ಸಲ ಹೋಗಿ ಆ ನೆಲವನ್ನು ನೋಡಿದ್ದೂ ಉಂಟು. ಬರೀ ಸಿಮೆಂಟು. ಒಂದಿಷ್ಟು ಸೀಮೆಸುಣ್ಣದ ಪುಡಿ.

ಅವರು ಹೋದ ತಿಂಗಳು ತೀರಿಕೊಂಡರು. ಅವರ ಬಗ್ಗೆ ಬರೆಯಬೇಕು ಅಂದುಕೊಂಡು ಕೂತಾಗಲೆಲ್ಲ ನನ್ನ ಮನಸ್ಸು ಒಂದೇ ಮಧ್ಯಾಹ್ನಕ್ಕೆ ಹೋಗಿ ನಿಲ್ಲುತ್ತದೆ. ಆ ಮಧ್ಯಾಹ್ನ ನನ್ನ ಮಗಳು ಉಳಿದಳು. ಅದು ಅವರಿಂದ. ಆದರೆ ಅಲ್ಲಿಗೆ ಬರುವ ಮುಂಚೆ ಅವರು ಎಂಥವರಾಗಿದ್ದರು ಎಂದು ಹೇಳದಿದ್ದರೆ ಆ ಮಧ್ಯಾಹ್ನ ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮದು ಕೊಡಿಗೇನಹಳ್ಳಿಯ ಹತ್ತಿರ, ರಸ್ತೆಗೆ ಸ್ವಲ್ಪ ಒಳಗಿದ್ದ ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆ. ಐದನೇ ಕ್ಲಾಸಿನವರೆಗೆ ಮಾತ್ರ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಅಲ್ಲಿ ಗಣಿತಕ್ಕೆ ಸೇರಿದ್ದೆ. ಮಗಳನ್ನೂ ಅಲ್ಲೇ ಸೇರಿಸಿದೆ. ಮಕ್ಕಳ ಬಾಯಲ್ಲಿ ನಾನು ಚಿಕ್ಕ ಮಿಸ್, ಅವರು ದೊಡ್ಡ ಮಿಸ್. ಅರವತ್ತರ ಹತ್ತಿರದ ವಯಸ್ಸು, ಸಣಕಲು ದೇಹ, ಮಂಡಿನೋವು. ಪಾವಗಡದ ಕಡೆಯವರು, ಮನೆಯ ಮಾತು ತೆಲುಗು. ಮಧುಗಿರಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದು, ದಿನವೂ ಬೆಳಗಿನ ಪ್ರೈವೇಟ್ ಬಸ್ಸಿಗೆ ಬರುತ್ತಿದ್ದರು. ಬಸ್ಸಿನಿಂದ ಇಳಿಯುವಾಗಲೂ ಕೊನೆಯ ಮೆಟ್ಟಿಲ ಮೇಲೆ ನಿಂತು, "ವಾಚ್ ಯುವರ್ ಸ್ಟೆಪ್," ಎಂದು ತಮಗೆ ತಾವೇ ಹೇಳಿಕೊಂಡು ಆಮೇಲೆ ಕಾಲು ಕೆಳಗಿಡುತ್ತಿದ್ದರು. ಕಂಡಕ್ಟರು, "ರೈಟ್ ರೈಟ್, ಮಿಸ್ಸಮ್ಮಾರ ಮಂತ್ರ ಆಯ್ತು," ಅಂತ ನಗುತ್ತಿದ್ದ.

ಕಾಂಪೌಂಡಿನೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದು ಎಂಬುದು ನಮ್ಮ ಕಾರ್ಯದರ್ಶಿಗಳ ಕಟ್ಟಪ್ಪಣೆ. "ಮಕ್ಕಳನ್ನ ಬಯ್ಯೋದಾದ್ರೂ ಇಂಗ್ಲಿಷಲ್ಲೇ ಬೈರಿ. ಗೇಟಿನ ಹತ್ರ ನಿಂತ್ಕೊಂಡು ಪೇರೆಂಟ್ಸು ಕೇಳಿಸ್ಕೊಳ್ತಾರೆ," ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಒಮ್ಮೆ ಮಗಳನ್ನು ಕರೆದೊಯ್ಯಲು ಬಂದಿದ್ದ ರೈತರೊಬ್ಬರು ಹೆಂಡತಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ: "ಲೇ, ನಮ್ ಪಾಪೂಗೆ ಮಿಸ್ಸು ಹೆಂಗ್ ಬಯ್ದ್‌ಬುಟ್ರು ಗೊತ್ತಾ? ಒಂದ್ ಅಕ್ಸರಾನೂ ಅರ್ಥ ಆಗ್ಲಿಲ್ಲ ಕಣೇ, ಅಷ್ಟ್ ಚೆಂದಾಗ್ ಬಯ್ದ್ರು!"

ಹೀಗಾಗಿ ಎಚ್ಚರಿಕೆಯ ಮಾತುಗಳೂ ಇಂಗ್ಲಿಷಿನವೇ. ಅವನ್ನು ದೊಡ್ಡ ಮಿಸ್ ಒಂದು ಬೈಂಡ್ ಪುಸ್ತಕದಲ್ಲಿ ಗುಂಡು ಅಕ್ಷರಗಳಲ್ಲಿ ಬರೆದಿಟ್ಟುಕೊಂಡಿದ್ದರು. ಬಿ ಕೇರ್‌ಫುಲ್. ಮೈಂಡ್ ಯುವರ್ ಹೆಡ್. ನೋ ಪುಶಿಂಗ್. ಡೋಂಟ್ ಗೋ ನಿಯರ್ ದಿ ವಾಟರ್. ಸಮ್‌ಬಡಿ ವಿಲ್ ಗೆಟ್ ಹರ್ಟ್. ದಿಸ್ ಈಸ್ ಮೈ ಲಾಸ್ಟ್ ವಾರ್ನಿಂಗ್. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಕೈಕಟ್ಟಿ ನಿಂತು ಇವಿಷ್ಟನ್ನೂ ಅವರ ಹಿಂದೆ ಒಂದೊಂದಾಗಿ ಹೇಳಬೇಕು. ನೂರು ಮಕ್ಕಳ ಬಾಯಲ್ಲಿ ಅದು ಮಗ್ಗಿಯ ಹಾಗೆ ರಾಗವಾಗಿ ಬರುತ್ತಿತ್ತು. ಕೋಲು ಬೀಸಿ ಆಡುವವರಿಗೆ ಬೇರೊಂದು ಮಾತಿತ್ತು: "ಯೂ ವಿಲ್ ಪೋಕ್ ಸಮ್‌ಬಡೀಸ್ ಐ ಔಟ್." ಅದರ ಅರ್ಥ ತಿಳಿದ ದಿನ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ನಿಯಮ ಮರೆತು ಕನ್ನಡದಲ್ಲೇ ಕೇಳಿಬಿಟ್ಟಳು. "ಮಿಸ್, ಕಿತ್ ಬಂದ್ ಕಣ್ಣು ಕೆಳಗ್ ಬಿದ್ಮೇಲೂ ನೋಡ್ತಾ ಇರ್ತದಾ?" ನಾವೆಲ್ಲ ನಕ್ಕೆವು. ದೊಡ್ಡ ಮಿಸ್ ನಗಲಿಲ್ಲ. ಸ್ವಲ್ಪ ಯೋಚಿಸಿ, "ಐ ಡೋಂಟ್ ನೋ," ಎಂದರು.

ಮಕ್ಕಳು ಮನೆಗೆ ಹೋದ ಮೇಲೂ ಅವರು ಖಾಲಿ ಕ್ಲಾಸಿನಲ್ಲಿ ಉಳಿಯುತ್ತಿದ್ದರು. ಒಂದು ಸಂಜೆ ನಾನು ಹಾಜರಿ ಪುಸ್ತಕ ಇಡಲು ಹೋದಾಗ, ಬಾಗಿಲ ಕಡೆ ಬೆನ್ನು ಮಾಡಿ ನಿಂತು ಖಾಲಿ ಬೆಂಚುಗಳಿಗೆ, "ಸ್ಟಾಪ್ ದಟ್. ಕಮ್ ಅವೇ ಫ್ರಮ್ ದೇರ್," ಎನ್ನುತ್ತಿದ್ದರು.

"ಯಾರ್ಗೆ ಮಿಸ್ ಹೇಳ್ತಿದ್ದೀರಿ?"

ಅವರು ತಿರುಗಿ ನಾಚಿಕೊಂಡವರಂತೆ ನಕ್ಕರು. "ಯಾರ್ಗೂ ಇಲ್ಲಮ್ಮಾ. ನನ್ಗೆ ಭಯ ಆದ್ರೆ ತೆಲುಗೇ ಬರೋದು ತಲ್ಲಿ. ಬಾಯಿ ತೆಗೆದ್ರೆ 'ಅಯ್ಯೋ ಪಡ್ತಾವು ರಾ', ಬೀಳ್ತೀಯ ಕಣೋ ಅಂತ ಅಂದ್‌ಬಿಡ್ತೀನಿ. ಅದಕ್ಕೇ ಭಯ ಇಲ್ದಾಗ್ಲೇ ಇಂಗ್ಲಿಷ್ ಹೇಳಿ ಹೇಳಿ ಇಟ್ಕೊಳ್ತೀನಿ. ಬೇಕಾದಾಗ ಬರ್ಲಿ ಅಂತ."

ಎಷ್ಟು ಶ್ರದ್ಧೆ ಎಂದು ಆವತ್ತು ಮೆಚ್ಚಿಕೊಂಡೆ. ಭಯವಿಲ್ಲದಾಗ ಕಲಿತ ಮಾತಿನಲ್ಲಿ ಭಯ ಇರುವುದಿಲ್ಲ, ಅದು ಮಕ್ಕಳ ಕಿವಿಗೆ ಎಚ್ಚರಿಕೆಯಾಗಿ ಕೇಳಿಸುವುದೇ ಇಲ್ಲ ಎಂದು ನನಗೆ ಹೊಳೆಯಲಿಲ್ಲ. ಕಲಿಸುವುದನ್ನೇ ಓದಿ ಬಂದವಳು ನಾನು, ನನಗೇ ಹೊಳೆಯಲಿಲ್ಲ.

ಹೊಳೆದದ್ದು ಮಕ್ಕಳಿಗೆ. ಅವರು ಆ ಮಾತುಗಳಿಂದ ಒಂದು ಆಟ ಕಟ್ಟಿಕೊಂಡರು. ಹೆಸರು ಮಿಸ್ ಆಟ. ಒಬ್ಬರು ಮಿಸ್ ಆಗಿ ಬೇವಿನ ಮರದ ಕಡೆ ಮುಖ ಮಾಡಿ, ಉಳಿದವರಿಗೆ ಬೆನ್ನು ಹಾಕಿ ನಿಲ್ಲಬೇಕು. ದೊಡ್ಡ ಮಿಸ್ಸಿನದೇ ದನಿಯಲ್ಲಿ, "ಬಿ ಕೇರ್‌ಫುಲ್," ಅನ್ನಬೇಕು. ಅಂದ ತಕ್ಷಣ ಉಳಿದವರು ಒಂದು ಹೆಜ್ಜೆ ಮುಂದಿಡಬೇಕು. ಇನ್ನೊಂದು ಎಚ್ಚರಿಕೆ, ಇನ್ನೊಂದು ಹೆಜ್ಜೆ. ಮಿಸ್ ಹಿಂದಿರುಗಿ ನೋಡಿದರೆ ಎಲ್ಲರೂ ಕಲ್ಲಿನ ಹಾಗೆ ನಿಂತುಬಿಡಬೇಕು. ಅಲುಗಾಡಿದವರು, ಮಾತಾಡಿದವರು, ಹಿಂದಕ್ಕೆ ತಿರುಗಿದವರು ಔಟ್. ಎಲ್ಲರಿಗಿಂತ ಮೊದಲು ಹೋಗಿ ಮಿಸ್ಸನ್ನು ಮುಟ್ಟಿದವರು ಗೆದ್ದಂತೆ.

ದೊಡ್ಡ ಮಿಸ್ ಸ್ಟಾಫ್ ರೂಮಿನ ಕಿಟಕಿಯಲ್ಲಿ ಟೀ ಲೋಟ ಹಿಡಿದು ಇದನ್ನು ನೋಡುತ್ತಿದ್ದರು. "ನೋಡಮ್ಮಾ, ನನ್ ದನೀನೇ ಕದ್ದಿದ್ದಾರೆ," ಎಂದು ಒಂದು ದಿನ ನಕ್ಕರು. ಇನ್ನೊಂದು ದಿನ, "ಯಾರ್ಗೂ ಮಿಸ್ ಆಗೋಕೆ ಇಷ್ಟ ಇಲ್ಲ, ಗಮನಿಸಿದ್ಯಾ?" ಎಂದರು. ಹೌದು, ಮಿಸ್ ಆದವರು ಗೆಲ್ಲುವ ಹಾಗೇ ಇಲ್ಲವಲ್ಲ. ಉಳಿದ ಮಕ್ಕಳು ಯಾವುದೋ ಒಂದು ಮಗುವನ್ನು ಹಿಡಿದು ಎಳೆದು ಮರಕ್ಕೆ ನಿಲ್ಲಿಸುತ್ತಿದ್ದರು. ಆ ಮಗು ಅಳುತ್ತಲೇ, "ನೋ ಪುಶಿಂಗ್," ಅನ್ನುತ್ತಿತ್ತು.

ಬೇಸಿಗೆ ಬಂತು. ಒಂದು ವಾರದಿಂದ ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಅಳು ಕೇಳಿಸುತ್ತಿರಲಿಲ್ಲ. ಆಟವೂ ಕಾಣುತ್ತಿರಲಿಲ್ಲ. ಮಕ್ಕಳು ಬಿಸಿಲಿಗೆ ಹೆದರಿ ಹಿಂದಿನ ಕ್ಲಾಸಿನಲ್ಲಿ ಕೂತಿದ್ದಾರೆ ಎಂದು ನಾನು ನೆಮ್ಮದಿಯಾಗಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಆ ದಿನ ದೊಡ್ಡ ಮಿಸ್ ಬಂದು ಬಾಗಿಲಲ್ಲಿ ನಿಂತರು.

"ನಿನ್ ಮಗಳು ಎಲ್ಲಿ?"

"ಹಿಂದಿನ ಕ್ಲಾಸಲ್ಲಿ ಇರ್ಬೇಕು ಮಿಸ್."

"ಇಲ್ಲ. ಆರು ಮಕ್ಕಳಿಲ್ಲ."

ಹಿಂದಿನ ಕಾಂಪೌಂಡು ಗೋಡೆಯಲ್ಲಿ ಕಲ್ಲು ಬಿದ್ದು ಒಂದು ಸಂದಿ ಆಗಿತ್ತು. ಅದರಾಚೆ ಎರಡು ಬೀಳು ಹೊಲ. ಅದರಾಚೆ ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಕ್ವಾರಿ. ಮೂರು ಕಡೆ ಕೊಯ್ದಂತೆ ನೇರವಾಗಿ ಇಳಿದ ಬಂಡೆ, ತಳದಲ್ಲಿ ಹಸಿರು ನೀರು. ಎಷ್ಟು ಆಳ ಎಂದು ಊರಿನವರಿಗೂ ಗೊತ್ತಿರಲಿಲ್ಲ. ನಾವಿಬ್ಬರೂ ಸಂದಿಯಿಂದ ನುಸುಳಿ ಹೊಲಕ್ಕೆ ಇಳಿದೆವು. ಹೊಲದ ಮಧ್ಯದಲ್ಲಿದ್ದಾಗ ನೆಲದೊಳಗಿನಿಂದ ಬಂದಂತೆ ಒಂದು ದನಿ ಕೇಳಿಸಿತು.

"ವಾಚ್ ಯುವರ್ ಸ್ಟೆಪ್."

ಮಗುವಿನ ದನಿಯಲ್ಲ ಅದು. ದಪ್ಪವಾಗಿ, ನಿಧಾನವಾಗಿ, ಏರಿಳಿತವಿಲ್ಲದೆ ಇತ್ತು. ದೊಡ್ಡ ಮಿಸ್ ನಿಂತುಬಿಟ್ಟರು. ನನ್ನ ತೋಳು ಹಿಡಿದು, ತೀರಾ ಸಣ್ಣಗೆ, "ಅದು ನಾನಾ?" ಎಂದು ಕೇಳಿದರು. ನಾನು ಅವರ ಕೈ ಹಿಡಿದು ಮುಂದಕ್ಕೆ ಎಳೆದೆ.

ಜಾಲಿ ಗಿಡಗಳನ್ನು ದಾಟಿದ ಮೇಲೆ ಎಲ್ಲ ಕಂಡಿತು. ಆರು ಮಕ್ಕಳು ನಮಗೆ ಬೆನ್ನು ಮಾಡಿ, ಹೊಂಡದ ಕಡೆ ಮುಖ ಮಾಡಿ ನಿಂತಿದ್ದರು. ಎಲ್ಲರೂ ಸೇರಿ, "ಡೋಂಟ್ ಗೋ ನಿಯರ್ ದಿ ವಾಟರ್," ಎಂದು ಕೂಗಿದರು. ಕೂಗಿ ಸುಮ್ಮನೆ ಕಾದರು. ಎದುರಿನ ಬಂಡೆ ಆರು ದನಿಗಳನ್ನು ಒಂದೇ ದನಿ ಮಾಡಿ ಹಿಂದಕ್ಕೆ ಕಳಿಸಿತು: "ನಿಯರ್ ದಿ ವಾಟರ್." ಆರೂ ಮಕ್ಕಳು ಒಂದು ಹೆಜ್ಜೆ ಮುಂದಿಟ್ಟರು.

ಮಿಸ್ ಆಗಲು ಯಾರೂ ಒಪ್ಪದಿದ್ದಾಗ ಅವರಿಗೆ ಬಂಡೆ ಸಿಕ್ಕಿತ್ತು. ಅಳದ, ಬೇಸರಪಡದ, ಎಂದೂ ಹಿಂದಿರುಗಿ ನೋಡದ ಮಿಸ್. ಅದನ್ನು ಮುಟ್ಟಲಾಗದ್ದರಿಂದ ಮೊದಲು ಅಂಚು ತಲುಪಿದವರೇ ಗೆದ್ದಂತೆ.

ಎಲ್ಲರಿಗಿಂತ ಮುಂದೆ ಎರಡು ಜಡೆ, ಕೆಂಪು ರಿಬ್ಬನ್. ನನ್ನ ಮಗಳು. ಅವಳಿಗೂ ಅಂಚಿಗೂ ನಡುವೆ ಉದುರು ಜಲ್ಲಿಯ ಒಂದು ಇಳಿಜಾರು, ಐದಾರು ಹೆಜ್ಜೆ ಅಷ್ಟೇ.

ನಾನು ಕೂಗಿದೆ. ನಾಲ್ಕು ವರ್ಷದ ಅಭ್ಯಾಸ, ಬಾಯಿಗೆ ಬಂದದ್ದು ಅದೇ: "ಬಿ ಕೇರ್‌ಫುಲ್!" ಬಂಡೆ, "ಕೇರ್‌ಫುಲ್," ಅಂದಿತು. ಆರೂ ಮಕ್ಕಳು ಒಂದು ಹೆಜ್ಜೆ ಮುಂದಿಟ್ಟರು. ಯಾರೂ ತಿರುಗಲಿಲ್ಲ, ತಿರುಗಿದವರು ಔಟ್ ಅಲ್ಲವೇ. "ಸ್ಟಾಪ್ ದಟ್!" ಎಂದು ಕಿರಿಚಿದೆ. "ಸ್ಟಾಪ್ ದಟ್," ಅಂದಿತು ಬಂಡೆ. ಇನ್ನೊಂದು ಹೆಜ್ಜೆ.

ಆಗ ದೊಡ್ಡ ಮಿಸ್ಸಿನ ಅಂಗೈ ನನ್ನ ಬಾಯಿಯನ್ನು ಮುಚ್ಚಿತು. ಅದಕ್ಕೆ ಸೀಮೆಸುಣ್ಣದ ವಾಸನೆಯಿತ್ತು. ಕಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದರು: "ಮಾತಾಡ್ಬೇಡ ತಲ್ಲಿ. ಒಂದ್ ಮಾತಿಗೆ ಒಂದ್ ಹೆಜ್ಜೆ. ನಾನ್ ನೋಡ್ತೀನಿ. ನೀನು ಹಿಂದಿನಿಂದ ಎತ್ಕೋ. ಹಿಂದಿರೋರ್ನ ಮೊದ್ಲು."

ನೋಡ್ತೀನಿ ಎಂದರೆ ಏನೆಂದು ನನಗೆ ತಿಳಿಯಲಿಲ್ಲ. ಅವರು ಚಪ್ಪಲಿ ಕಳಚಿದರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹೊಂಡದ ಎಡ ಅಂಚಿನ ಗುಂಟ ನಡೆಯತೊಡಗಿದರು. ಎರಡು ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದವರು. ಅಲ್ಲಿ ಬಂಡೆಯ ಒಂದು ಮೂಲೆ ನೀರಿನ ಮೇಲಕ್ಕೆ ಚಾಚಿಕೊಂಡಿತ್ತು. ಮಕ್ಕಳ ಕಣ್ಣಿಗೆ ಎದುರಾಗಬೇಕಾದರೆ ಅದರ ಮೇಲೇ ಹೋಗಿ ನಿಲ್ಲಬೇಕು. ಅವರು ಅಲ್ಲಿಗೆ ತಲುಪುವಷ್ಟರಲ್ಲಿ ಮಕ್ಕಳು ಇನ್ನೂ ಎರಡು ಸಲ ಕೂಗಿದರು. ಬಂಡೆ ಎರಡು ಸಲ ಓಗೊಟ್ಟಿತು. ಎರಡು ಹೆಜ್ಜೆ. ನಾನು ನನ್ನ ಕೈಯನ್ನೇ ಕಚ್ಚಿಕೊಂಡು ನಿಂತಿದ್ದೆ. ಓಡಿಹೋಗಿ ಮಗಳನ್ನು ಹಿಡಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ದಿನಾ ಕೇಳಿಕೊಳ್ಳುತ್ತೇನೆ. ಐದು ಮಕ್ಕಳ ನಡುವೆ ನುಗ್ಗಿ, ಆ ಉದುರು ಜಲ್ಲಿಯ ಮೇಲೆ. ಹೆಸರು ಹಿಡಿದು ಕನ್ನಡದಲ್ಲಿ ಕರೆದಿದ್ದರೆ? ತಿರುಗುತ್ತಿದ್ದಳೇನೋ. ತಿರುಗುವ ಭರದಲ್ಲಿ ಕಾಲು ಜಾರುತ್ತಿತ್ತೇನೋ. ಮೂರು ವರ್ಷದಿಂದ ಅವಳನ್ನು ಬೇರೆ ಬೇರೆ ಥರ ಕರೆದು ನೋಡುತ್ತಲೇ ಇದ್ದೇನೆ.

ದೊಡ್ಡ ಮಿಸ್ ಆ ಮೂಲೆಯ ತುದಿ ತಲುಪಿ, ನೀರಿಗೆ ಬೆನ್ನು ಮಾಡಿ, ಸರಕ್ಕನೆ ತಿರುಗಿ ನಿಂತರು. ಮಕ್ಕಳನ್ನು ನೋಡಿದರು.

ಆರೂ ಮಕ್ಕಳು ಇದ್ದಲ್ಲೇ ನಿಂತುಬಿಟ್ಟರು. ಒಬ್ಬನ ಒಂದು ಕಾಲು ನೆಲದಿಂದ ಎದ್ದಿತ್ತು, ಅದು ಹಾಗೇ ಗಾಳಿಯಲ್ಲಿ ಉಳಿಯಿತು. ಮಿಸ್ ಹಿಂದಿರುಗಿ ನೋಡಿದ್ದಾರೆ, ಅಲುಗಾಡಿದರೆ ಔಟ್.

ನಾನು ಬರಿಗಾಲಲ್ಲಿ ಹೋದೆ. ಹಿಂದಿದ್ದ ಮಗುವಿನ ಸೊಂಟಕ್ಕೆ ಕೈ ಹಾಕಿ ಎತ್ತಿದೆ. ಅದು ಅಲುಗಾಡಲಿಲ್ಲ. ಕೈಕಾಲು ಸೆಟೆದು ಮರದ ತುಂಡಿನಂತಿತ್ತು. ಉಸಿರು ಮಾತ್ರ ಬಿಸಿಯಾಗಿ ನನ್ನ ಕೊರಳಿಗೆ ತಾಗುತ್ತಿತ್ತು. ಜಾಲಿ ಗಿಡದ ಹಿಂದೆ ಒಯ್ದು ನಿಲ್ಲಿಸಿದರೆ ಅಲ್ಲೂ ಹಾಗೇ ನಿಂತಿತು. ಎರಡನೆಯದು. ಮೂರನೆಯದು. ಪ್ರತಿ ಸಲ ಹಿಂದಿರುಗಿದಾಗ ಮೊದಲು ಕೆಂಪು ರಿಬ್ಬನ್ ಇದೆಯೇ ಎಂದು ನೋಡುತ್ತಿದ್ದೆ, ಆಮೇಲೆ ದೊಡ್ಡ ಮಿಸ್ಸನ್ನು. ಅವರು ಕಣ್ಣು ಮಿಟುಕಿಸುತ್ತಿರಲಿಲ್ಲ. ನಡು ಮಧ್ಯಾಹ್ನದ ಬಿಸಿಲು, ಬಿಳಿ ಬಂಡೆಯ ಝಳ, ತೆರೆದ ಕಣ್ಣುಗಳಿಂದ ನೀರು ಸುರಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವರು ಮಕ್ಕಳನ್ನು ನೇರವಾಗಿ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾಲ್ಕು. ಕಾಲೆತ್ತಿದ್ದ ಹುಡುಗ ನಡುಗತೊಡಗಿದ್ದ, ಅವನು ಐದು.

ಮಗಳು ಆರನೆಯವಳು. ಅವಳ ಬೂಟಿನ ತುದಿ ಅಂಚಿನಿಂದ ಒಂದು ಗೇಣಿನಷ್ಟು ಹಿಂದಿತ್ತು. ನಾನು ಮಂಡಿಯೂರಿ ತೆವಳಿ ಹೋದೆ. ನನ್ನ ಕೈ ತಗುಲಿ ನಾಲ್ಕು ಜಲ್ಲಿಕಲ್ಲು ಉರುಳಿದವು. ಅವು ನೀರಿಗೆ ಬಿದ್ದ ಸದ್ದು ಬರಲು ಹಿಡಿದ ಹೊತ್ತು ನನಗೆ ಈಗಲೂ ಮುಗಿದಿಲ್ಲ. ಅವಳ ಫ್ರಾಕಿನ ಬೆಲ್ಟಿಗೆ ಬೆರಳು ಸಿಕ್ಕಿಸಿ ಎಳೆದು ಎದೆಗೆ ಅವುಚಿಕೊಂಡೆ. ಅವಳೂ ಮರದ ತುಂಡಿನಂತೆಯೇ ಇದ್ದಳು. ನನ್ನನ್ನು ನೋಡಲೂ ಇಲ್ಲ, ಹೆಗಲ ಮೇಲಿನಿಂದ ಮಿಸ್ಸನ್ನೇ ನೋಡುತ್ತಿದ್ದಳು.

ಎಲ್ಲರನ್ನೂ ತಂದ ಮೇಲೂ ದೊಡ್ಡ ಮಿಸ್ ಅಲ್ಲೇ ಇದ್ದರು. ಖಾಲಿ ಅಂಚನ್ನು ಅದೇ ರೀತಿ, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಾನು ಎಣಿಸಿದೆ. ಆರು. ಇನ್ನೊಮ್ಮೆ ಎಣಿಸಿದೆ. ಆರೇ. ಕರೆಯಲು ಧೈರ್ಯವಾಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವರು ಕೈಗಳನ್ನು ಕೆಳಗೂರಿ, ಮಗುವಿನಂತೆ ಅಂಬೆಗಾಲಿಟ್ಟುಕೊಂಡು ಹಿಂದಕ್ಕೆ ಬಂದರು. ಹೊಲ ದಾಟುವವರೆಗೆ ತೆಲುಗಿನಲ್ಲಿ ಏನೇನೋ ಹೇಳಿಕೊಳ್ಳುತ್ತಿದ್ದರು. ಕಾಂಪೌಂಡಿನ ಒಳಗೆ ಬಂದ ಮೇಲೂ ಅದು ನಿಲ್ಲಲಿಲ್ಲ.

ಯಾರಿಗೂ ಹೇಳುವುದು ಬೇಡ, ಶಾಲೆಯ ಹೆಸರು ಹಾಳಾಗುತ್ತದೆ ಎಂದರು ಕಾರ್ಯದರ್ಶಿಗಳು. ಗೋಡೆಯ ಸಂದಿಯನ್ನು ಅವತ್ತೇ ಮುಚ್ಚಿಸಿದರು. ದೊಡ್ಡ ಮಿಸ್ ಆ ಮಾತಿಗೆ ಒಪ್ಪಲಿಲ್ಲ. ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಉಳಿದ ಐದು ಮನೆಗಳಿಗೂ ಹೋದರು. ಪ್ರತಿ ಬಾಗಿಲಲ್ಲೂ ಕೈಮುಗಿದು ನಡೆದದ್ದನ್ನೆಲ್ಲ ಹೇಳಿದರು. ಹೆಚ್ಚಿನವರು ಬೆಚ್ಚಿಬಿದ್ದರು, ಒಬ್ಬ ತಂದೆ ಬಾಯಿಗೆ ಬಂದಂತೆ ಬಯ್ದರು. ಕೊನೆಯ ಮನೆಯ ಅಜ್ಜಿ ಮಾತ್ರ ಮೊಮ್ಮಗನ ತಲೆ ನೇವರಿಸುತ್ತ, "ಬುಡಿ ಮಿಸ್ಸಮ್ಮ, ಮಗಾ ಚೆಂದಾಗೈತಲ್ಲ. ನಾಳಿಂದ ಇನ್ನೂ ವಸಿ ಜೋರಾಗಿ ಇಂಗ್ಲೀಸಲ್ಲಿ ಬಯ್ರಿ, ಕಲ್ತ್ಕೊಂತಾನೆ," ಎಂದರು. ಬೀದಿಗೆ ಬಂದ ಮೇಲೆ ದೊಡ್ಡ ಮಿಸ್ ಒಂದು ಜಗಲಿಯ ಮೇಲೆ ಕುಸಿದು ಕೂತರು.

ಆ ವರ್ಷದ ಪರೀಕ್ಷೆ ಮುಗಿದೊಡನೆ ಕೆಲಸ ಬಿಟ್ಟರು. ಅಲ್ಲಿಯವರೆಗೂ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಎಚ್ಚರಿಕೆಗಳ ಪಾಠ ನಡೆಯಲಿಲ್ಲ. ಮಕ್ಕಳು ಅಭ್ಯಾಸದಂತೆ ಶುರುಮಾಡಿದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. ಆಮೇಲೆ ಮಧುಗಿರಿಗೆ ಹೋದಾಗಲೆಲ್ಲ ನಾನು ಅವರ ಮನೆಗೆ ಹೋಗುತ್ತಿದ್ದೆ. ಮಾತು ಬಹಳ ಕಡಿಮೆಯಾಗಿತ್ತು. ಎದುರಿಗೆ ಕೂರಿಸಿಕೊಂಡು ಕಾಫಿ ಕೊಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ.

"ಮಿಸ್, ಎಲ್ಲರನ್ನೂ ತಂದ ಮೇಲೂ ಅಷ್ಟು ಹೊತ್ತು ಏನು ನೋಡ್ತಿದ್ರಿ?"

"ಎಲ್ಲರನ್ನೂ ತಂದೆ ಅಂತ ನಿನ್ಗೆ ಹೆಂಗ್ ಗೊತ್ತು?" ಎಂದರು. ನನ್ನ ಮುಖ ಕಂಡು ಮೆಲ್ಲಗೆ ಮುಂದುವರಿಸಿದರು: "ನನ್ ಕಾಲ ಕೆಳಗಿನ ಕಲ್ಲಿನ ಚಕ್ಕೆ ಅಲುಗಾಡ್ತಿತ್ತಮ್ಮಾ. ಕೂಗಿ ಕರೀಬೇಕು ಅನ್ನಿಸ್ತು. ಕರೆದ್ರೆ ಎದುರಿನ ಬಂಡೆ ತಿರುಗಿ ಹೇಳುತ್ತೆ. ಅದು ಹೇಳಿದ್ರೆ ಮಕ್ಕಳು ಮತ್ತೆ ಬರ್ತಾರೆ. ಅದಕ್ಕೇ ಸುಮ್ನಿದ್ದೆ."

ನಾನು ಅಲ್ಲಿ ಆರು ಮಕ್ಕಳನ್ನು ಎರಡೆರಡು ಸಲ ಎಣಿಸುತ್ತಿದ್ದೆ. ಅವರು ನಿಂತ ಕಲ್ಲನ್ನು ಮಾತ್ರ ನಾನು ಒಂದು ಸಲವೂ ನೋಡಿರಲಿಲ್ಲ.

ಅವರನ್ನು ಪಾವಗಡದ ಕಡೆಯ ಅವರ ಊರಿನಲ್ಲಿ ಮಣ್ಣು ಮಾಡಿದರು. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಈಗ ನಾಲ್ಕನೇ ಕ್ಲಾಸು. ಎತ್ತರವಾಗಿದ್ದಾಳೆ, ಒಂದೇ ಜಡೆ. ಹಿಂತಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದಳು. ಹೊರಗೆ ಸೋಲಾರ್ ಹಲಗೆಗಳ ಸಾಲು ಮುಗಿಯದೆ ಹಿಂದೆ ಸರಿಯುತ್ತಿತ್ತು. ಆ ಮಧ್ಯಾಹ್ನದ ಬಗ್ಗೆ ನಾನು ಅವಳ ಹತ್ತಿರ ಎಂದೂ ಮಾತಾಡಿರಲಿಲ್ಲ. ಮರೆತಿದ್ದಾಳೆ ಅಂದುಕೊಂಡಿದ್ದೆ. ಈಗಲಾದರೂ ಹೇಳಬೇಕು ಅನ್ನಿಸಿತು.

"ದೊಡ್ಡ ಮಿಸ್ ನಿನಗೆ ನೆನಪಿದ್ದಾರಾ ಪುಟ್ಟಿ?"

"ಹ್ಞೂಂ. ಕ್ವಾರಿ ಹತ್ರ ನಿಂತಿದ್ರಲ್ಲ."

"ಅವತ್ತು ಅವರಿಲ್ದೆ ಇದ್ದಿದ್ರೆ..."

ಅವಳು ತಿರುಗಿ ನನ್ನನ್ನು ನೋಡಿದಳು. ಮೂರು ವರ್ಷದಿಂದ ಒಳಗಿಟ್ಟುಕೊಂಡಿದ್ದ ಅಸಮಾಧಾನ ಅವಳ ಮುಖದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು.

"ನಾನೇ ಗೆಲ್ತಿದ್ದೆ ಅಮ್ಮಾ," ಎಂದಳು. "ಇನ್ನೊಂದೇ ಹೆಜ್ಜೆ ಇತ್ತು."